ಕಚೇರಿ ಎತ್ತಂಗಡಿಯಾದರೆ ಹೋಗುವುದು ಕುರ್ಚಿ ಮಾತ್ರವಲ್ಲ

ಗೆಳೆಯರೇ, ಸರ್ಕಾರಿ ಸೇವೆಗಳನ್ನೆಲ್ಲ ದೊಡ್ಡ ಊರಿಗೆ ಒಟ್ಟುಮಾಡುವ ವಿಚಾರ ಗುಂಪಿನಲ್ಲಿ ಮತ್ತೆ ಬಂದಿದೆ. "ಹತ್ತು ಹುದ್ದೆ ಹೋದರೆ ಏನಾಯ್ತು" ಎಂದು ಸುಮ್ನೆ ತಳ್ಳಿಹಾಕಬೇಡಿ. ತಿಂಗಳ ಸಂಬಳ ತಪ್ಪದೆ ಬರುವ ಮನೆಗಳು ಸಣ್ಣ ಊರಿನಲ್ಲಿ ಕಡಿಮೆ. ಬಾಡಿಗೆ, ದಿನಸಿ, ಟ್ಯೂಷನ್ ಅಂತ ಊರೊಳಗೆ ಕೈಯಿಂದ ಕೈಗೆ ಓಡಾಡುವುದು ಆ ಹಣವೇ.

ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯನ್ನೇ ನೋಡಿ. ಅರ್ಜಿ ಕೊಡಲು ಬಂದವರು ಎರಡು ಪ್ರತಿ ತೆಗೆಸುತ್ತಾರೆ. ಟೋಕನ್ ಕೂಗುವ ತನಕ ಪಕ್ಕದಲ್ಲಿ ಮೊಬೈಲ್ ರಿಪೇರಿಗೆ ಕೊಡುತ್ತಾರೆ, ಮಗುವಿಗೆ ಚಪ್ಪಲಿ ನೋಡುತ್ತಾರೆ. ಕಚೇರಿ ಹೋದ ಮೇಲೆ ಅದೇ ಜನ ಬಸ್ ಹತ್ತಿ, ಆ ಖರೀದಿಯನ್ನೂ ದೊಡ್ಡ ಊರಲ್ಲೇ ಮುಗಿಸಿ ಬರುತ್ತಾರೆ. ಕೂಲಿಯವರಿಗೆ ಒಂದು ದಿನದ ದುಡಿಮೆಯೂ ಖೋತಾ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಇದು ಉಳಿತಾಯ, ಅಲ್ವಾ?

ಆನ್‌ಲೈನ್ ಸೇವೆ ಓಡಾಟ ತಪ್ಪಿಸುತ್ತದೆ, ಒಪ್ಪಿದೆ. ಆದರೆ ಅದು ಅಂಗಡಿ ಮುಂದೆ ಮತ್ತೆ ಜನರನ್ನು ತರುವುದಿಲ್ಲ. ಡೆನ್ಮಾರ್ಕ್ 2015ರಲ್ಲಿ ಉಲ್ಟಾ ದಾರಿ ಹಿಡಿದು, ಸುಮಾರು 3,900 ಸರ್ಕಾರಿ ಹುದ್ದೆಗಳನ್ನು ರಾಜಧಾನಿ ಕೋಪನ್‌ಹೇಗನ್‌ನಿಂದ ಹೊರಗೆ ಸಾಗಿಸುವ ಯೋಜನೆ ಪ್ರಕಟಿಸಿತು.

ಇಲ್ಲಿ ಬರೆಯುವವರು ಯಾವ ಕಚೇರಿ, ದಿನಕ್ಕೆ ಎಷ್ಟು ಜನ ಬರುತ್ತಿದ್ದರು, ಈಗ ಎಲ್ಲಿಗೆ ಹೋಗುತ್ತಾರೆ, ಇಷ್ಟು ಹಾಕಿ. ಫಾರ್ವರ್ಡ್ ಬೇಡ.