ನವಿಲುಗಳಿಗೆ ದಾರಿ ಬಿಡಿ

ಮಾನ್ಯರೇ,

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಸುಕಿನಲ್ಲೂ ಇಳಿಹೊತ್ತಿನಲ್ಲೂ ಅಡ್ಡಾಡುವವರಲ್ಲಿ ನಾನೂ ಒಬ್ಬ. 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ, ಮರುವರ್ಷ ಧಾರವಾಡಕ್ಕೆ ಬಂದ ಈ ವಿಶ್ವವಿದ್ಯಾಲಯಕ್ಕೆ ಛೋಟಾ ಮಹಾಬಳೇಶ್ವರ ಗುಡ್ಡವನ್ನು ಆರಿಸಿದವರನ್ನು ನಾನು ದಿನವೂ ನೆನೆಯುತ್ತೇನೆ. ಏರು ಹತ್ತುವಾಗ ಮಂಡಿ ಹಿಡಿದುಕೊಂಡು ತುಸು ಬೈಯುವುದೂ ಉಂಟು. ಜಿಟಿಜಿಟಿ ಮಳೆಯ ದಿನಗಳಲ್ಲಂತೂ ಬೂಟಿಗೆ ಮೆತ್ತಿದ ಕೆಂಪು ಮಣ್ಣನ್ನು ಮನೆಯವರ ಕಣ್ಣು ತಪ್ಪಿಸಿ ತೊಳೆಯುವುದೇ ಒಂದು ಕೆಲಸ.

ಮೊನ್ನೆ ಬೆಳಿಗ್ಗೆ ಎರಡು ನವಿಲುಗಳು ರಸ್ತೆ ದಾಟಲು ಕತ್ತು ಚಾಚಿ ನಿಂತಿದ್ದವು. ಅಷ್ಟರಲ್ಲಿ ಹಿಂದಿನಿಂದ ಬಂದವರೊಬ್ಬರ ಕಿಸೆಯಲ್ಲಿದ್ದ ಮೊಬೈಲ್ ಗಟ್ಟಿಯಾಗಿ ಭಕ್ತಿಗೀತೆ ಮೊಳಗಿಸಿತು. ನವಿಲುಗಳು ಪೊದೆಯೊಳಗೆ ನುಸುಳಿದವು. ಭಕ್ತಿಗೆ ನನ್ನ ತಕರಾರಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದರೆ ದೇವರೇನೂ ಮುನಿಸಿಕೊಳ್ಳಲಾರ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಓದಿ ಮಲಗಿದ ಮಕ್ಕಳಿಗೂ ತುಸು ನಿದ್ದೆ ಸಿಕ್ಕೀತು.

ಸಂಜೆಯ ಗೋಳು ಬೇರೆ. ನಡೆಯಲೆಂದೇ ಕಾರಿನಲ್ಲಿ ಬರುವವರು ನಡೆಯುವ ಅಂಚಿನಲ್ಲೇ ಕಾರು ನಿಲ್ಲಿಸುತ್ತಾರೆ. ನಾವು ನಡುರಸ್ತೆಗೆ ಇಳಿದರೆ ಅಲ್ಲಿ ಬೈಕ್ ಕಲಿಯುವ ಹುಡುಗರು! ಗಿರ್ಮಿಟ್ ತಿಂದು ಬಿಸಾಡಿದ ಕಾಗದ, ನೀರಿನ ಬಾಟಲಿಗಳ ಮಾತು ಇರಲಿ. ವಾಯುವಿಹಾರಿ ಮಿತ್ರರೇ, ಕಾರನ್ನು ಗುಡ್ಡದ ಕೆಳಗೇ ಬಿಟ್ಟು ಬನ್ನಿ. ನಿಮಗೆ ಏರು ಸಿಗುತ್ತದೆ, ನಮಗೆ ದಾರಿ ಸಿಗುತ್ತದೆ.

– ಹಿರಿಯ ವಾಯುವಿಹಾರಿ, ಧಾರವಾಡ