ಮಗಳಿಗೊಂದು ಪತ್ರ: ಬಾಯಿಗೆ ಬಾರದ ಆ ಪದ

ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟಮೇಲೆ ಮತ್ತೆ ಮಾಡಲು ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಎಲ್ಲ ನಿನ್ನ ಮನಸ್ಸಲ್ಲೇ ಇರೋದು" ಅಂದುಬಿಟ್ಟೆ. ಫಿಸಿಯೊಥೆರಪಿಸ್ಟ್ ಅನ್ನಿಸಿಕೊಂಡವನ ಬಾಯಲ್ಲಿ ಬರಬಾರದ ಮಾತು. ತಪ್ಪಾಯಿತು.

ತಿಂಗಳುಗಟ್ಟಲೆ ಕಾಡುತ್ತಿರುವ ನಿನ್ನ ಸೊಂಟನೋವಿನ ಕಥೆ ಇಬ್ಬರಿಗೂ ಗೊತ್ತು, ಬಿಡು. ನನ್ನನ್ನು ಕೊರೆಯುತ್ತಿರುವುದು ನೀನು ಕೊನೆಗೆ ಅಂದದ್ದು: "ಮೀಟಿಂಗಲ್ಲಿ ಬಾಯಿಗೆ ಪದಾನೇ ಬರಲಿಲ್ಲ ಅಪ್ಪ, ತಲೆ ಮಂಕಾಗಿದೆ." ನಾನು ರೇಗಿದ್ದು ಆ ಮಾತಿಗೆ ಹೆದರಿ.

ಗಮನ ಕಸಿಯುವುದೇ ನೋವಿನ ಕೆಲಸ. ಮುಳ್ಳು ಚುಚ್ಚಿದರೆ ಕಾಲು ಎತ್ತಬೇಕಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ಗಾಯ ಮಾಗಿರುತ್ತದೆ, ನರಗಳ ಕೂಗು ಮಾತ್ರ ನಿಂತಿರುವುದಿಲ್ಲ. ಪೆಟ್ಟು ಬೀಳುವುದು ಕ್ಷಣಕಾಲ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗೆ. ಓಟಿಪಿ ನೋಡಿ ಒತ್ತುವಷ್ಟರಲ್ಲಿ ಮರೆತುಹೋಗುತ್ತದೆ, ಓದಿದ ಇಮೇಲನ್ನೇ ಮತ್ತೆ ಓದುತ್ತೇವೆ, ಮಾತಿನ ನಡುವೆ ಪದ ಜಾರುತ್ತದೆ. ಇದು ಬುದ್ಧಿ ಹೋದದ್ದಲ್ಲ. ಬಹುಕಾಲದ ಬೆನ್ನುನೋವಿನವರಲ್ಲಿ ಮಿದುಳಿನ ಮುಂಭಾಗದ ಪದರ ತೆಳುವಾಗಿರುವುದು ಸ್ಕ್ಯಾನಿನಲ್ಲಿ ಕಂಡಿದೆ, ಮುಚ್ಚಿಡುವುದಿಲ್ಲ. ಆದರೆ 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಚಿಕಿತ್ಸೆಯಾಗಿ ಆರು ತಿಂಗಳಿಗೆ ಮತ್ತೆ ನೋಡಿದಾಗ ಆ ಪದರ ದಪ್ಪವಾಗಿತ್ತು. ಕೆಲವೇ ಜನರನ್ನು ನೋಡಿದ್ದು, ನಿಜ. ಆದರೂ ನಾನು ಅದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಮತ್ತೆ ಆ ಪದದ ವಿಷಯವೇ. ನರದ ನೋವಿಗೆ ಕೊಡುವ ಆ ಪ್ರಿಗ್ಯಾಬಲಿನ್ ಮಾತ್ರೆ ಶುರುವಾದ ಮೇಲೆ ಮಂಕು ಹೆಚ್ಚಾಯಿತಾ? ಆ ಮಾತ್ರೆಗೇ ತೂಕಡಿಕೆ, ಮರೆವು ಇದೆ. ನೀನಾಗಿಯೇ ಥಟ್ಟನೆ ನಿಲ್ಲಿಸಬೇಡ, ನಿದ್ದೆಗೆಟ್ಟು ಬೆವರಿ ಒದ್ದಾಡುತ್ತೀಯ. ಡಾಕ್ಟರ ಹತ್ತಿರ ಡೋಸನ್ನೋ ಹೊತ್ತನ್ನೋ ಬದಲಿಸಲು ಕೇಳು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಒಮ್ಮೆ ನೋಡಿಸು. ನಿದ್ದೆ ಕೆಟ್ಟರೆ ಮಾರನೇ ದಿನ ನೋವೂ ಹೆಚ್ಚು, ಮರೆವೂ ಹೆಚ್ಚು. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ.

ಎಂಆರ್‌ಐ ವರದಿಯನ್ನು ದಿನಾ ತೆರೆಯಬೇಡ. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ನೂರಕ್ಕೆ ಸುಮಾರು 30 ಜನರಿಗೆ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿರುತ್ತದೆ. "ಬಗ್ಗಿದರೆ ಮುರಿಯುತ್ತೆ" ಎಂಬ ಹೆದರಿಕೆಯಿಂದ ಅಲ್ಲಾಡದೆ ಕೂತರೆ ಸ್ನಾಯು ಸೊರಗಿ, ಮನಸ್ಸು ಕುಗ್ಗಿ, ನೋವು ಇನ್ನೂ ಬಲಿಯುತ್ತದೆ.

ಭಾಷಣ ಅನ್ನುತ್ತೀಯ, ಅನ್ನು. ಐದು ದಿನ ಗಡಿಯಾರ ಇಟ್ಟುಕೊಂಡು, ಎಷ್ಟು ಹೊತ್ತು ಕೂತರೆ ನೋವು ಏರುತ್ತದೆ ನೋಡು. ಸರಾಸರಿ 25 ನಿಮಿಷ ಬಂದರೆ 20ಕ್ಕೇ ಎದ್ದು ಎರಡು ನಿಮಿಷ ನಡೆ. ನೋವಿಲ್ಲದಿದ್ದರೂ ಏಳಬೇಕು. ಎಲ್ಲರೂ ಎಡವುವುದು ಇಲ್ಲೇ: ಹಗುರವಾದ ದಿನ ನಾಲ್ಕು ದಿನದ ಕೆಲಸ ಮುಗಿಸಿ, ಆಮೇಲೆ ಎರಡು ದಿನ ಹಾಸಿಗೆ. ಕೂರುವ ಹೊತ್ತನ್ನು ವಾರಕ್ಕೆ ಎರಡು ನಿಮಿಷ ಏರಿಸು, ಸಾಕು. ತಲೆಗೆ ಭಾರವಾದ ಕೆಲಸ ಬೆಳಿಗ್ಗೆಯೇ ಮುಗಿಸು. ಮೀಟಿಂಗಿಗೆ ಹೇಳಬೇಕಾದ್ದನ್ನು ನಾಲ್ಕು ಸಾಲು ಚೀಟಿಯಲ್ಲಿ ಬರೆದಿಟ್ಟುಕೋ. ಗಂಟೆಗೊಮ್ಮೆ ನೋವಿಗೆ ಅಂಕ ಹಾಕಬೇಡ.

ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗು. ಬದುಕೇ ಬೇಡ ಅನ್ನಿಸಿದ ಗಳಿಗೆಯಲ್ಲಿ ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಾಲು ಬರೆಯುವಾಗ ಕೈ ನಿಂತಿತು, ಆದರೂ ಬರೆದೆ.

ಪದ ಸಿಗದೆಯೂ ನೀನು ಆ ಮೀಟಿಂಗ್ ಮುಗಿಸಿಯೇ ಎದ್ದೆಯಂತೆ. ಅದನ್ನು ಅಮ್ಮನಿಗೆ ಎರಡು ಸಲ ಹೇಳಿದೆ, ನಿನಗೆ ಹೇಳಲಿಲ್ಲ ನೋಡು.

ಭಾನುವಾರ ಹತ್ತಕ್ಕೆ ಫೋನ್ ಮಾಡುತ್ತೇನೆ. ನೋವು ಹೇಗಿದೆ ಅಂತ ಕೇಳುವುದಿಲ್ಲ; ದಿನಾ ಅದನ್ನೇ ಕೇಳುವುದೂ ಗಮನವನ್ನು ನೋವಿನ ಕಡೆಗೇ ಎಳೆಯುತ್ತದೆ. ಅಮ್ಮನಿಗೂ ಹೇಳಿದ್ದೇನೆ, ಅವಳು ಮಾತ್ರ ಕೇಳಿಯೇ ಕೇಳುತ್ತಾಳೆ.

ಅಪ್ಪ