ಹರಿಹರದ ಎಥನಾಲ್ ಘಟಕ: ದಾವಣಗೆರೆ ಸಂಸದರಿಗೆ ಬಹಿರಂಗ ಪತ್ರ

ದಾವಣಗೆರೆ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರ.

ಹರಿಹರದ ಹನಗವಾಡಿಯಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನವರು ಪೆಟ್ರೋಲಿಗೆ ಬೆರೆಸುವ ಎರಡನೇ ತಲೆಮಾರಿನ ಎಥನಾಲ್ ಘಟಕ ಹಾಕುತ್ತಾರೆ ಅನ್ನುವ ಮಾತು ಕೇಳುತ್ತಾ ವರ್ಷಗಳೇ ಆದವು. ದಿನಕ್ಕೆ 60 ಸಾವಿರ ಲೀಟರ್. ಅದೂ ಕಾಳು ಮುಟ್ಟದೆ, ಬೆಳೆ ತೆಗೆದ ಮೇಲೆ ಉಳಿಯುವ ದಂಟು, ಮೆಕ್ಕೆಜೋಳದ ಕಾಳು ಬಿಡಿಸಿದ ದಿಂಡು, ಹುಲ್ಲಿನಿಂದ. ಇಂಥ ಒಂದು ಘಟಕಕ್ಕೆ ಕೇಂದ್ರದ ಪ್ರಧಾನಮಂತ್ರಿ ಜೀವನ್ ಯೋಜನೆಯಲ್ಲಿ 150 ಕೋಟಿ ರೂಪಾಯಿವರೆಗೆ ನೆರವಿದೆ. 2019ರಲ್ಲಿ ಶುರುವಾದ ಈ ಯೋಜನೆಯನ್ನು 2028-29ರವರೆಗೆ ಮುಂದುವರಿಸಿದ್ದಾರೆ. ಹಾಗಾಗಿ ಕಾಲ ಇನ್ನೂ ಮಿಂಚಿಲ್ಲ.

ನಮ್ಮಲ್ಲಿ ಈ ಬಗ್ಗೆ ಮಾತು ಬಂದಾಗಲೆಲ್ಲ ಜಾಗ ಎಷ್ಟು ಎಕರೆ, ಬಂಡವಾಳ ಎಷ್ಟು ಕೋಟಿ, ಕೆಲಸ ಎಷ್ಟು ಜನಕ್ಕೆ ಅನ್ನುವಷ್ಟಕ್ಕೇ ಮುಗಿದುಹೋಗುತ್ತದೆ. ಹುಲ್ಲು ಎಲ್ಲಿಂದ ಬರುತ್ತದೆ, ಮಳೆಗಾಲದಲ್ಲಿ ಎಲ್ಲಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ಯೀಸ್ಟ್ ಅನ್ನುವ ಸೂಕ್ಷ್ಮಜೀವಿ ಸಕ್ಕರೆಯನ್ನು ಹುಳಿಸಿದಾಗ ಎಥನಾಲ್ ಆಗುತ್ತದೆ. ಹುಲ್ಲಿನಲ್ಲಿ ಸಕ್ಕರೆ ಇದೆ ಅಂದರೆ ನಮ್ಮೂರಲ್ಲಿ ನಗುತ್ತಾರೆ. ಆದರೆ ಇರುವುದು ನಿಜ. ನಾರಿನ ಮುಖ್ಯ ಭಾಗ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಅಣುಗಳು ಸಾಲಾಗಿ ಕೊಂಡಿ ಹಾಕಿಕೊಂಡು, ಹೊಸೆದ ಹಗ್ಗದ ಹಾಗೆ ಬಿಗಿಯಾಗಿ ಕೂತಿರುತ್ತವೆ. ಸುತ್ತ ಹೆಮಿಸೆಲ್ಯುಲೋಸ್ ಅನ್ನುವ ಇನ್ನೊಂದು ನಾರು, ಜೊತೆಗೆ ಲಿಗ್ನಿನ್ ಅನ್ನುವ ಗಟ್ಟಿ ಅಂಟು. ಮೊದಲು ಬಿಸಿ ಹಬೆ, ಸ್ವಲ್ಪ ಆಮ್ಲ ಕೊಟ್ಟು ಇದನ್ನೆಲ್ಲ ಸಡಿಲಿಸಬೇಕು. ಆಮೇಲೆ ಎಂಜೈಮ್, ಅಂದರೆ ಜೀವಿಗಳು ತಯಾರಿಸುವ, ಇಂಥ ಕೊಂಡಿ ಕತ್ತರಿಸುವ ಪ್ರೋಟೀನ್ ಬೆರೆಸಿ, ಸುಮಾರು 50 ಡಿಗ್ರಿ ಬಿಸಿಯಲ್ಲಿ ಎರಡು ಮೂರು ದಿನ ಬಿಡಬೇಕು. ಒಂದು ಎಂಜೈಮ್ ಸರಪಳಿಯನ್ನು ನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿಯಿಂದ ಎರಡೆರಡೇ ಗ್ಲೂಕೋಸ್ ಬಿಡಿಸುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. ಒಡೆದ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಸೇರಿಕೊಳ್ಳುವುದರಿಂದ, 100 ಕೆಜಿ ಸೆಲ್ಯುಲೋಸ್ ಪೂರ್ತಿ ಒಡೆದರೆ 111 ಕೆಜಿ ಗ್ಲೂಕೋಸ್ ಸಿಗಬೇಕು. ಇದು ಕಾಗದದ ಲೆಕ್ಕ. ತೊಟ್ಟಿಯಲ್ಲಿ ಗ್ಲೂಕೋಸ್ ಜಾಸ್ತಿಯಾದಂತೆ ಎಂಜೈಮ್ ಕೆಲಸ ಮಂದವಾಗುತ್ತದೆ. ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಸಕ್ಕರೆಯನ್ನಂತೂ ಮಾಮೂಲಿ ಯೀಸ್ಟ್ ಮೂಸಿಯೂ ನೋಡುವುದಿಲ್ಲ.

ಈ ಎಂಜೈಮ್‌ಗಳಿಗೆ ಹೆಸರಾದದ್ದು ಟ್ರೈಕೊಡರ್ಮಾ ರೀಸೈ ಅನ್ನುವ ಬೂಸ್ಟು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಗುಡಾರಗಳನ್ನು ತಿಂದು ಸಿಕ್ಕಿಬಿದ್ದದ್ದು ಇದೇ. ಚನ್ನಗಿರಿ ಕಡೆ ಅಡಿಕೆ ತೋಟದವರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹಾಕುವ ಟ್ರೈಕೊಡರ್ಮಾ ಪುಡಿ ಇದರ ದಾಯಾದಿ!

ಈಗ ಹುಲ್ಲಿನ ಲೆಕ್ಕಕ್ಕೆ ಬರೋಣ. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. ಅಲ್ಲಿನ ಗುರಿ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್. ಅಂದರೆ ಟನ್ನಿಗೆ 150 ಲೀಟರ್. ಅದೇ ಲೆಕ್ಕ ಹಿಡಿದರೆ ಹರಿಹರಕ್ಕೆ ದಿನಕ್ಕೆ 400 ಟನ್ ಬೇಕು. ಕಟಾವು ನಡೆಯುವುದು ವರ್ಷದಲ್ಲಿ ಕೆಲವೇ ವಾರ. ಕಾರ್ಖಾನೆ ಓಡಬೇಕಾದ್ದು ವರ್ಷವಿಡೀ. ನಡುವಿನ ತಿಂಗಳುಗಳಲ್ಲಿ ಸಾವಿರಾರು ಟನ್ ಹುಲ್ಲು ಒಣಗಿಯೇ ಇರಬೇಕು. ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಸರಿಯಾಗಿ ಹಿಂಗಾರು ಬರುತ್ತದೆ. ಕಾಳು ಒಣಗಿಸಲಿಕ್ಕೇ ಜಾಗವಿಲ್ಲದೆ ನಾವು ರಸ್ತೆ ಮೇಲೆ ಹರಡುತ್ತೇವೆ. ಇನ್ನು ದಂಟಿಗೆ ಯಾರು ತಾಡಪಾಲು ಹೊದಿಸುತ್ತಾರೆ? ನೆಂದ ಬಣವೆಯಲ್ಲಿ ಬೂಸ್ಟು ಬಂದರೆ, ಕಾರ್ಖಾನೆಗೆ ಸೇರಬೇಕಾದ ಸಕ್ಕರೆಯನ್ನು ಅದೇ ಪುಕ್ಕಟೆ ತಿಂದು ಮುಗಿಸುತ್ತದೆ.

ಇಂಥ ಎಥನಾಲ್ ಕೆಲಸದಲ್ಲಿ ದೊಡ್ಡವರೂ ಎಡವಿದ್ದಾರೆ. ಅಮೆರಿಕದ ಅಯೋವಾದಲ್ಲಿ ಡುಪಾಂಟ್ ಕಂಪನಿ ಮೆಕ್ಕೆಜೋಳದ ದಂಟಿನಿಂದ ಎಥನಾಲ್ ತೆಗೆಯುವ ಭಾರಿ ಘಟಕವನ್ನು 2015ರಲ್ಲಿ ತೆರೆಯಿತು. 2017ರಲ್ಲಿ ಮಾರಾಟಕ್ಕಿಟ್ಟಿತು.

ನನ್ನ ಮಟ್ಟಿಗೆ, ಶುರು ಮಾಡುವುದಾದರೆ ದಿಂಡಿನಿಂದ ಮಾಡಬೇಕು. ಕಾಳು ಬಿಡಿಸುವ ಮಷಿನ್ ಪಕ್ಕದಲ್ಲೇ ಅದು ಗುಡ್ಡೆ ಬೀಳುತ್ತದೆ. ಹೊಲದಲ್ಲೆಲ್ಲ ಓಡಾಡಿ ಆರಿಸುವ, ಹುಲ್ಲನ್ನು ಒತ್ತಿ ಕಟ್ಟುವ ಬೇಲರ್ ಯಂತ್ರ ತರಿಸುವ ತಾಪತ್ರಯ ಇಲ್ಲ. ಭತ್ತದ ಹುಲ್ಲಿನಲ್ಲಿರುವಷ್ಟು ಸಿಲಿಕಾ, ಅಂದರೆ ಮರಳಿನಂಥ ಗಟ್ಟಿ ಅಂಶ, ಇದರಲ್ಲಿಲ್ಲ, ಹಾಗಾಗಿ ಯಂತ್ರದ ಹಲ್ಲು ಬೇಗ ಸವೆಯುವುದಿಲ್ಲ. ಆದರೆ ಇದನ್ನು ಬಿಟ್ಟಿ ಕಸ ಅಂದುಕೊಳ್ಳಬೇಡಿ. ಒಲೆಗೆ ಬಳಸುವವರಿದ್ದಾರೆ, ಇಟ್ಟಿಗೆ ಭಟ್ಟಿಯವರೂ ಒಯ್ಯುತ್ತಾರೆ. ಅವರಿಗಿಂತ ಒಳ್ಳೆ ರೇಟು ಕೊಡಬೇಕಾಗುತ್ತದೆ. ಭತ್ತದ ಹುಲ್ಲಂತೂ ಭದ್ರಾ ಅಚ್ಚುಕಟ್ಟಿನ ದನಗಳ ಮೇವು. ಜಗಳೂರಿನಂಥ ಕಡೆ ಬರ ಬಂದಾಗ ಗೋಶಾಲೆಗೆ ಹುಲ್ಲು ಹುಡುಕಿ ಅಲೆದದ್ದು ನಿಮಗೂ ಗೊತ್ತು. ಮೇವು ಮೊದಲು, ಎಥನಾಲ್ ಆಮೇಲೆ ಅಂತ ಒಪ್ಪಂದದಲ್ಲೇ ಬರೆಸಿ.

ಎಂಜೈಮ್ ಖರ್ಚೂ ಸಣ್ಣದಲ್ಲ. ಅದನ್ನು ಇಲ್ಲೇ ತಯಾರಿಸುವ ಬಗ್ಗೆ ಯಾಕೆ ಮಾತಾಡಬಾರದು? 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಂಪನಿ ಶುರುವಾದಾಗಿನ ಮೊದಲ ಸರಕುಗಳಲ್ಲಿ ಒಂದು, ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆದ ಎಂಜೈಮ್. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ರಾಜ್ಯದಲ್ಲಿ ಈ ವಿದ್ಯೆ ಬಲ್ಲವರಿಗೆ ಬರ ಇಲ್ಲ.

ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ಜಿಲ್ಲೆಯ ದಿಶಾ ಸಮಿತಿ ಸಭೆಗೆ ಅಧ್ಯಕ್ಷರು ನೀವೇ ಅಲ್ವಾ? ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಹನಗವಾಡಿ ಘಟಕ ಈಗ ಯಾವ ಹಂತದಲ್ಲಿದೆ ಅಂತ ಕೇಳಿ, ಬಂದ ಉತ್ತರವನ್ನು ಕನ್ನಡದಲ್ಲಿ ಪ್ರಕಟಿಸಿ. ಹೋಬಳಿಗೊಂದು ಸೂರಿರುವ ಸಂಗ್ರಹ ಕೇಂದ್ರ ಯಾರ ದುಡ್ಡಲ್ಲಿ ಆಗುತ್ತದೆ, ಒಣಗಿದ ದಿಂಡಿಗೆ ಟನ್ನಿಗೆ ಎಷ್ಟು ಕೊಡುತ್ತಾರೆ, ಎಷ್ಟು ದಿನದಲ್ಲಿ ದುಡ್ಡು ಖಾತೆಗೆ ಬರುತ್ತದೆ, ಇವು ಕಟ್ಟಡದ ಗುದ್ದಲಿ ಪೂಜೆಗೆ ಮುಂಚೆಯೇ ನಮಗೆ ಗೊತ್ತಾಗಬೇಕು.

ಇಂತಿ,
ಹರಿಹರ ತಾಲ್ಲೂಕಿನ ಒಬ್ಬ ಮೆಕ್ಕೆಜೋಳ ಬೆಳೆಗಾರ